ಮಗಳಿಗೊಂದು ಪತ್ರ: ಮರ ಕುಯ್ಯುವ ಮಿಷನ್ ಹಿಡಿಯುವ ಮುಂಚೆ

ದಾವಣಗೆರೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೊಸದುರ್ಗದ ತೋಟಕ್ಕೆ ಚೈನ್ ಸಾ ತಂದಿದ್ದೀಯಂತ ನಿಮ್ಮಮ್ಮ ಹೇಳಿದಳು. ಗಾಳಿಮಳೆಗೆ ಉರುಳಿದ ಬೇವು, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಇದಕ್ಕೆಲ್ಲ ಕೂಲಿಯವರ ದಾರಿ ಕಾಯುತ್ತ ಕೂರೋದು ಬೇಡ ಅನ್ನುವ ನಿನ್ನ ಲೆಕ್ಕ ಸರಿಯಾಗಿದೆ. ಕಲಿ ಮಗಾ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಈ ಮಿಷನ್ನಿಗೆ ತೋಳಿನ ಬಲ ಬೇಕಿಲ್ಲ. ಒತ್ತಿ ಕುಯ್ಯಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿಸು. ಒಂದೋ ಚೈನು ಮೊಂಡಾಗಿರುತ್ತದೆ, ಇಲ್ಲವೇ ಮರ ಬಾರನ್ನು, ಅಂದರೆ ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿಯನ್ನು, ಕಚ್ಚಿಕೊಳ್ಳುತ್ತಿರುತ್ತದೆ. ಆಗ ಹಟ ಮಾಡಿದರೆ ಕೈ ಕಾಲು ಹೋಗಬಹುದು.

ಪೆಟ್ರೋಲಿನಿಂದ ಶುರು ಮಾಡೋಣ. ಇದು ಟೂ ಸ್ಟ್ರೋಕ್ ಇಂಜಿನ್ನು. ಒಳಗಿನ ಪಿಸ್ಟನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆ ಬಿಟ್ಟರೆ ಬೇರೆ ಎಣ್ಣೆಯೇ ಇಲ್ಲ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಕೆಡುತ್ತದೆ. ಕಂಪನಿ ಪುಸ್ತಕದಲ್ಲಿ 50ಕ್ಕೆ 1 ಅಂತಿದ್ದರೆ ಒಂದು ಲೀಟರಿಗೆ 20 ಎಂಎಲ್ 2ಟಿ ಎಣ್ಣೆ. 25ಕ್ಕೆ 1 ಅಂತಿದ್ದರೆ 40 ಎಂಎಲ್. ಕಣ್ಣಂದಾಜು ಬೇಡ, ಅಳತೆ ಮುಚ್ಚಳ ಇಟ್ಟುಕೋ. ಬೆರೆಸಿದ್ದನ್ನು ಒಂದು ತಿಂಗಳೊಳಗೆ ಖಾಲಿ ಮಾಡು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ತೇವ ಎಳೆದುಕೊಂಡು ಕಾರ್ಬುರೇಟರಿಗೆ ತೊಂದರೆ ಕೊಡುತ್ತದೆ. ಇನ್ನೊಂದು ಟ್ಯಾಂಕು ಚೈನಿಗೆ ಹೋಗುವ ಎಣ್ಣೆಯದ್ದು. ಟ್ರ್ಯಾಕ್ಟರಿನಿಂದ ತೆಗೆದ ಹಳೇ ಆಯಿಲ್ ಸುರಿಯುವವರಿದ್ದಾರೆ, ನೀನು ಸುರಿಯಬೇಡ. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಎಣ್ಣೆಯನ್ನೂ ತುಂಬು. ಎಣ್ಣೆ ಬರುತ್ತಿದೆಯೋ ಇಲ್ಲವೋ ನೋಡಬೇಕಾದರೆ, ಬಾರಿನ ಮೂತಿಯನ್ನು ಬಿಳಿ ರಟ್ಟಿನತ್ತ ಅರ್ಧ ಅಡಿ ದೂರದಲ್ಲಿ ಹಿಡಿದು ಆಕ್ಸಿಲರೇಟರ್ ಕೊಡು. ರಟ್ಟಿನ ಮೇಲೆ ಎಣ್ಣೆ ಹನಿಗಳ ಗೆರೆ ಬೀಳಬೇಕು.

ಚೈನು ಬಿಗಿ ಮಾಡುವುದು ಇಂಜಿನ್ ಆಫ್ ಇದ್ದಾಗ, ಚೈನು ತಣ್ಣಗಿದ್ದಾಗ, ಕೈಗೆ ಗ್ಲೌಸ್ ಹಾಕಿಕೊಂಡು. ಬಾರಿನ ಎರಡು ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಮೂತಿಯನ್ನು ಮೇಲಕ್ಕೆತ್ತಿ ಹಿಡಿದೇ ಟೆನ್ಷನ್ ಸ್ಕ್ರೂ ತಿರುಗಿಸು. ಎತ್ತದೆ ಬಿಗಿ ಮಾಡಿದರೆ ಮರಕ್ಕೆ ತಾಗಿಸಿದ ಕೂಡಲೇ ಬಾರ್ ಮೇಲಕ್ಕೆ ಸರಿದು ಚೈನು ಜೋತು ಬೀಳುತ್ತದೆ. ಕೆಳಬದಿಯಲ್ಲಿ ಚೈನು ಬಾರಿಗೆ ಅಂಟಿಕೊಂಡಿರಬೇಕು, ಬ್ರೇಕ್ ಬಿಟ್ಟು ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಹೊಸ ಚೈನು ಬೇಗ ಹಿಗ್ಗುತ್ತದೆ, ಮೊದಲ ದಿನ ಮತ್ತೆ ಮತ್ತೆ ನೋಡು. ಬಿಸಿಯಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸು, ಆರುವಾಗ ಅದು ಕುಗ್ಗುತ್ತದೆ. ಚೈನು ಬಿಚ್ಚಿ ಹಾಕಿದರೆ ಮೇಲ್ಭಾಗದ ಹಲ್ಲುಗಳ ಚೂಪು ಮೂತಿಯ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಮರದಿಂದ ಹೊಗೆ ಬರುತ್ತದೆ, ಕುಯ್ಯುವುದಿಲ್ಲ.

ಸ್ಟಾರ್ಟ್ ಮಾಡುವುದು ನೆಲದ ಮೇಲಿಟ್ಟು. ಗಾಳಿಯಲ್ಲಿ ಹಿಡಿದು ಹಗ್ಗ ಎಳೆಯುವವರನ್ನು ನೋಡಿ ಕಲಿಯಬೇಡ. ಮುಂದಿನ ಹಿಡಿಯ ಎದುರಿಗಿರುವ ಗಾರ್ಡೇ ಚೈನ್ ಬ್ರೇಕ್, ಅದನ್ನು ಮುಂದಕ್ಕೆ ತಳ್ಳು, ಹಿಂದಿನ ಹಿಡಿಯನ್ನು ಬಲಗಾಲಿನ ಬೂಟಿನಿಂದ ಒತ್ತು, ಎಡಗೈಯಲ್ಲಿ ಮುಂದಿನ ಹಿಡಿ. ಚೋಕ್ ಎಳೆದು, ಇಂಜಿನ್ ಒಮ್ಮೆ ಕೆಮ್ಮುವ ತನಕ ಹಗ್ಗ ಎಳಿ. ಕೆಮ್ಮಿದ ಮೇಲೂ ಚೋಕ್‌ನಲ್ಲೇ ಎಳೆಯುತ್ತ ಹೋದರೆ ಪ್ಲಗ್ ನೆನೆದು ಹತ್ತುವುದೇ ಇಲ್ಲ. ಅರ್ಧ ಚೋಕಿಗೆ ತಂದು ಎಳೆದರೆ ಹತ್ತುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನು ತಿರುಗುತ್ತಿದ್ದರೆ ಐಡ್ಲಿಂಗ್, ಅಂದರೆ ಸುಮ್ಮನಿದ್ದಾಗಿನ ಇಂಜಿನ್ ವೇಗ, ಜಾಸ್ತಿಯಿದೆ, ಅದನ್ನು ಸರಿ ಮಾಡಿಸದೆ ಒಂದು ಕೊಂಬೆಯನ್ನೂ ಮುಟ್ಟಬೇಡ.

ಇನ್ನು ಬಾರಿನ ಮೂತಿ. ಅದರ ಮೇಲಿನ ಕಾಲು ಭಾಗವನ್ನು ಬಣ್ಣದಲ್ಲಿ ಗುರುತು ಮಾಡಿಕೋ. ಆ ಜಾಗ ಮರಕ್ಕೋ ಹಿಂದಿರುವ ಇನ್ನೊಂದು ಕೊಂಬೆಗೋ ತಾಗಿದರೆ ಹಲ್ಲು ಒಳಗೆ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಚೈನಿನ ಅಷ್ಟೂ ವೇಗ ಬಾರನ್ನು ಎತ್ತಿ ನಿನ್ನ ಮುಖದತ್ತ ಎಸೆಯುತ್ತದೆ. ರೆಪ್ಪೆ ಮಿಟುಕಿಸುವಷ್ಟೂ ಸಮಯ ಇರುವುದಿಲ್ಲ. ಅದಕ್ಕೇ ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗೆ ಸುತ್ತಿಕೊಂಡಿರಬೇಕು, ಎಡಮೊಣಕೈ ನೆಟ್ಟಗಿರಬೇಕು, ನಿನ್ನ ತಲೆ ಬಾರಿನ ನೇರಕ್ಕೆ ಇರದೆ ಎಡಕ್ಕೆ ಇರಬೇಕು. ಮಿಷನ್ ಎಗರಿದರೆ ಮಣಿಕಟ್ಟು ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬೀಳುತ್ತದೆ. ಹೆಬ್ಬೆರಳು ಮೇಲಿದ್ದರೆ ಕೈಯೇ ಜಾರುತ್ತದೆ. ಭುಜಕ್ಕಿಂತ ಎತ್ತರಕ್ಕೆ ಮಿಷನ್ ಎತ್ತಬೇಡ, ಏಣಿ ಹತ್ತಿ ಕುಯ್ಯಲೇಬೇಡ.

ಮೊದಲು ನಾಲ್ಕೈದು ಇಂಚು ದಪ್ಪದ ನೀಲಗಿರಿ ತುಂಡುಗಳನ್ನು ಅಲುಗಾಡದ ಹಾಗೆ ಇಟ್ಟುಕೊಂಡು ಕೈ ಪಳಗಿಸು. ಆಮೇಲೆ ಬಿದ್ದ ಬೇವಿಗೆ ಹೋಗು. ಅಲ್ಲಿ ಮರ ಎಲ್ಲಿ ಹಿಚುಕಿಕೊಂಡಿದೆ, ಎಲ್ಲಿ ಎಳೆದುಕೊಂಡಿದೆ ಅಂತ ನೋಡುವುದನ್ನು ಕಲಿಯಬೇಕು. ದಿಮ್ಮಿಯ ಎರಡೂ ತುದಿ ಆತುಕೊಂಡು ನಡುವಿನ ಕೆಳಗೆ ಖಾಲಿಯಿದ್ದರೆ ಮೇಲ್ಭಾಗ ಹಿಚುಕಿರುತ್ತದೆ. ಮೇಲಿನಿಂದಲೇ ಪೂರ್ತಿ ಇಳಿಸಿದರೆ ಕುಯ್ದ ಸೀಳು ಮುಚ್ಚಿಕೊಂಡು ಬಾರ್ ಸಿಕ್ಕಿಬೀಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕುಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕುಯ್ಯಿ. ಬಾರಿನ ಮೇಲಂಚಿನಿಂದ ಕುಯ್ಯುವಾಗ ಮಿಷನ್ ನಿನ್ನ ಕಡೆಗೆ ತಳ್ಳುತ್ತದೆ, ಕಾಲು ಗಟ್ಟಿಯಾಗಿ ಊರಿ ನಿಲ್ಲು. ಒಂದು ತುದಿ ಮಾತ್ರ ಆತು ಇನ್ನೊಂದು ತುದಿ ನೇತಾಡುತ್ತಿದ್ದರೆ ಇದಕ್ಕೆ ಉಲ್ಟಾ: ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಹಾಗೆ ಮಾಡದಿದ್ದರೆ ತುಂಡು ಸಿಗಿದುಕೊಂಡು ಬೀಳುತ್ತದೆ. ಬಾರ್ ಸಿಕ್ಕಿಕೊಂಡರೆ ಆಫ್ ಮಾಡಿ, ಪ್ಲಾಸ್ಟಿಕ್ಕಿನದೋ ಮರದ್ದೋ ಬೆಣೆ ಹೊಡೆದು ಬಿಡಿಸು. ಚೈನಿಗೆ ತಾಗಬಹುದು ಅನ್ನುವ ಕಡೆ ಕಬ್ಬಿಣದ ಬೆಣೆ ಬೇಡ.

ಬೇರು ಸಮೇತ ಕಿತ್ತು ಬಿದ್ದ ಆ ಬೇವಿನ ಬುಡವನ್ನು ಮಾತ್ರ ನೀನೊಬ್ಬಳೇ ಮುಟ್ಟಬೇಡ. ಬುಡದ ಹತ್ತಿರ ಕಾಂಡ ಬೇರೆಯಾದ ಕೂಡಲೇ, ಮಣ್ಣು ಹಿಡಿದ ಬೇರಿನ ಮುದ್ದೆ ಮತ್ತೆ ಗುಂಡಿಯೊಳಕ್ಕೆ ವಾಲಿಕೊಳ್ಳಬಹುದು. ಆ ಗುಂಡಿಯಲ್ಲಿ ಆಡಿನ ಮರಿಯೂ ನಿಂತಿರಬಾರದು.

ಬಳ್ಳಾರಿ ಜಾಲಿಯ ಮುಳ್ಳುಕೊಂಬೆಗಳನ್ನು ಮೊದಲು ಮಚ್ಚಿನಿಂದ ಸವರಿ ಆಚೆ ಎಳೆಸು. ಬಾಗಿ ನಿಂತ ತೆಳು ಕೊಂಬೆಗೆ ಚೈನು ತಾಗಿದರೆ ಅದು ಚಾಟಿಯಂತೆ ಬಂದು ಮುಖಕ್ಕೆ ಬಡಿಯುತ್ತದೆ. ನೆಲದ ಮಟ್ಟಕ್ಕೆ ಕುಯ್ದರೆ ಜಾಲಿ ಸಾಯುವುದಿಲ್ಲ, ಬುಡದಿಂದ ಹತ್ತು ಚಿಗುರು ಹೊಡೆಯುತ್ತದೆ. ಗೆಣ್ಣನ್ನು ಗುದ್ದಲಿಯಿಂದಲೇ ಅಗೆದು ತೆಗೆಸಬೇಕು. ಅದಕ್ಕೆ ಮಿಷನ್ ಇಳಿಸಬೇಡ. ಒಂದು ಸೆಕೆಂಡ್ ಮಣ್ಣಿಗೆ ತಾಗಿದರೂ ಚೈನು ಮೊಂಡಾಗುತ್ತದೆ. ತೆಂಗಿನ ಕಾಂಡ ಕುಯ್ದರೆ ನಾರು ಬಂದು ಚೈನು ಓಡಿಸುವ ಹಲ್ಲುಚಕ್ರದ (ಸ್ಪ್ರಾಕೆಟ್) ಕವರಿನೊಳಗೆ ಗಿಡಿಯುತ್ತದೆ, ಆಗಾಗ ಆಫ್ ಮಾಡಿ ಬಿಚ್ಚಿ ತೆಗಿ.

ಚೂಪಾಗಿರುವ ಚೈನು ಚಕ್ಕೆ ಉದುರಿಸುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿ ಬಿಡುತ್ತದೆ. ಪುಡಿ ಕಂಡರೆ ಅರ ತಗೋ. ದುಂಡನೆಯ ಅರವನ್ನು 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ತಳ್ಳು. ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಬದಿಯ ಹಲ್ಲು ಗಿಡ್ಡವಾದರೆ ಕುಯ್ದ ಸೀಳು ಒಂದು ಕಡೆಗೆ ವಾಲಿಕೊಂಡು ಹೋಗುತ್ತದೆ.

ದುಪ್ಪಟ್ಟಾ ಬೇಡ, ಜಡೆ ಹೆಲ್ಮೆಟ್ಟಿನ ಒಳಗಿರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕಾಲಿಗೆ ಬೂಟು. ದುಡ್ಡು ಎಷ್ಟೇ ಆಗಲಿ ಚೈನ್ ಸಾ ಪ್ಯಾಂಟ್ ತಗೋ. ಅದರೊಳಗಿನ ಉದ್ದ ನೂಲು ಚೈನಿಗೆ ಸುತ್ತಿಕೊಂಡು ಮಿಷನ್ ನಿಲ್ಲಿಸುತ್ತದೆ, ಜೀನ್ಸ್ ನಿಲ್ಲಿಸುವುದಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಾದರೂ ಇರಬೇಕು.

ನಿಂತ ಮರ ಉರುಳಿಸುವುದು ನಾನು ಬಂದ ಮೇಲೆ. ಯಾವ ಮರಕ್ಕೆ ಅನುಮತಿ ಬೇಕು ಅಂತ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿಟ್ಟುಕೋ; 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿಗೂ ಅನ್ವಯಿಸುತ್ತದೆ. ಬದುವಿನ ಹುಣಸೆ ಕೊಂಬೆ ಕರೆಂಟ್ ತಂತಿಯ ಹತ್ತಿರ ಬಂದಿದೆಯಲ್ಲ, ಅದಕ್ಕೆ ಬೆಸ್ಕಾಂನ 1912ಕ್ಕೆ ಫೋನ್ ಮಾಡು. ಲೈನ್ ಆಫ್ ಆಗದೆ ಯಾರನ್ನೂ ಹತ್ತಿಸಬೇಡ.

ಬಾರಿನ ಬುಡದಲ್ಲಿ ಪಿಚ್ಚಿನ (ಚೈನಿನ ಕೊಂಡಿಗಳ ಅಂತರದ) ಅಳತೆ ಕೊರೆದಿರುತ್ತದೆ, ಅದರ ಫೋಟೊ ಕಳಿಸು. ಅರ 4 ಎಂಎಂದೋ 4.8 ಎಂಎಂದೋ ಅಂತ ಅದರಿಂದಲೇ ಗೊತ್ತಾಗಬೇಕು. ಹೊಂದುವ ಎರಡು ಅರ, ಇನ್ನೊಂದು ಚೈನು ಇಲ್ಲಿ ತಗೊಂಡು ಹೊಸದುರ್ಗದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ಅಪ್ಪ