ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕ ಮರದ ದಿಂಡಿನ ಬಗ್ಗೆ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿತೆಂದು ನಿನ್ನೆ ಇಲ್ಲಿ ಹಾಕಿದ ಚಿತ್ರದಲ್ಲಿರುವುದು, ಹಲವರು ಊಹಿಸಿದಂತೆ ಮಣ್ಣು ಸಡಿಲಿಸಿ ಕಳೆ ತೆಗೆಯುವ ಕುಂಟೆಯಲ್ಲ, ಒಮ್ಮೆಗೇ ಹಲವು ಸಾಲುಗಳಲ್ಲಿ ಬೀಜ ಬಿತ್ತುವ ಕೂರಿಗೆಯ ದಿಂಡು, ಅಂದರೆ ಅದರ ಅಡ್ಡಮರ. ಕುಂಟೆಯ ದಿಂಡಿಗೆ ಸಾಮಾನ್ಯವಾಗಿ ಅಡ್ಡಲಾಗಿ ಕಬ್ಬಿಣದ ಅಲಗನ್ನು ಹಿಡಿಯುವ ಎರಡೇ ಕಾಲುಗಳಿರುತ್ತವೆ. ಇದರಲ್ಲಾದರೋ ಸಮ ಅಂತರದಲ್ಲಿ ನಾಲ್ಕು ತಾಳುಗಳು, ಅಂದರೆ ನೆಲದಲ್ಲಿ ಸಾಲು ಕೊರೆಯುವ ಕಾಲುಗಳು ಇದ್ದು, ಪ್ರತಿಯೊಂದರಲ್ಲೂ ಬಿದಿರಿನ ಕೊಳವೆ ಕೂರುವಷ್ಟು ತೂತು ಕಾಣುತ್ತದೆ. ಆ ಕೊಳವೆಗಳ ಮೇಲ್ತುದಿಗಳೆಲ್ಲ ಒಂದು ಮರದ ಬಟ್ಟಲಿನ ತಳಕ್ಕೆ ಸೇರುತ್ತಿದ್ದವು. ಎತ್ತುಗಳು ಎಳೆಯುತ್ತಿದ್ದಂತೆ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಟ್ಟ ರಾಗಿಯೋ ಜೋಳವೋ ಎಲ್ಲ ಸಾಲುಗಳಿಗೂ ಸಮನಾಗಿ ಇಳಿಯಬೇಕಾದರೆ ಬಿತ್ತುವವರ ಕೈ ಚೆನ್ನಾಗಿ ಪಳಗಿರಬೇಕಿತ್ತು, ಈ ಕೆಲಸವನ್ನು ಹೆಚ್ಚಾಗಿ ಹೆಂಗಸರೇ ಮಾಡುತ್ತಿದ್ದರು. ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ, ತೊಗರಿಗಳಿಗೆ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವ ಬೇರೊಂದು ಕೊಳವೆ ಇರುತ್ತಿತ್ತು.

ಆದ್ದರಿಂದ ಚಿತ್ರ ಹಾಕಿದವರು ಅಟ್ಟದಲ್ಲಿ ಬಟ್ಟಲು, ಕೊಳವೆಗಳಿಗಾಗಿ ಇನ್ನೊಮ್ಮೆ ಹುಡುಕಬೇಕು. ಬಟ್ಟಲನ್ನು ಉಪ್ಪಿನ ಮರಿಗೆಯೆಂದು ಅಡುಗೆಮನೆಗೆ ಸೇರಿಸಿದ್ದರೂ ಆಶ್ಚರ್ಯವಿಲ್ಲ. ತಾಳುಗಳ ನಡುವಿನ ಅಂತರವನ್ನು ಅಳೆದು ತಿಳಿಸಿದರೆ ಯಾವ ಬೆಳೆಗೆ ಬಳಸುತ್ತಿದ್ದರೆಂದು ಹೇಳುವುದು ಸುಲಭವಾಗುತ್ತದೆ. ಅಲ್ಲಿಯವರೆಗೆ ದಯವಿಟ್ಟು ಮರವನ್ನು ಉಜ್ಜಿ ಬಣ್ಣ ಬಳಿಯಬೇಡಿ. ಒಣ ಬಟ್ಟೆಯಿಂದ ಧೂಳು ಒರೆಸಿ, ಗೆದ್ದಲು ಹತ್ತದಂತೆ ನೆಲದಿಂದ ಮೇಲಕ್ಕಿಟ್ಟರೆ ಸಾಕು.