ಟಾಂಜಾನಿಯಾದ ಅರುಷಾದಿಂದ ಸುಬ್ಬುಗೊಂದು ಪತ್ರ

ಪ್ರೀತಿಯ ಸುಬ್ಬು,

ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡ್ತೀಯ. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಲ್ಲಿ ಬರೀತಿದ್ದೇನೆ. ಭಟ್ಟರ ಲೆಕ್ಕದ ವಿಷಯ ಎತ್ತಲ್ಲ, ಹೆದರಬೇಡ.

ನಾನು ಕಳಿಸಿದ ಫೋಟೊ ನೋಡಿ "ಇದ್ಯಾವ ಜಿಂಕೆಮರಿ" ಅಂದೆಯಲ್ಲ, ಅದು ಮರಿಯಲ್ಲ ಕಣೋ, ಪೂರ್ತಿ ಬೆಳೆದ ಗಂಡು. ಡಿಕ್-ಡಿಕ್ ಅಂತ, ಆಫ್ರಿಕಾದ ಪುಟಾಣಿ ಹುಲ್ಲೆ. ತೂಕ 4-5 ಕಿಲೋ, ಎತ್ತರ ಒಂದಡಿಗಿಂತ ಚೂರು ಹೆಚ್ಚು. ಇಲ್ಲಿನ ತರಂಗಿರೆ ಕಾಡಿಗೆ ಹೋದವರೆಲ್ಲ ಆನೆ ಹುಡುಕುತ್ತಾರೆ, ನಾನು ಮುಳ್ಳುಪೊದೆಗಳ ಬುಡ ನೋಡುತ್ತಾ ಕೂತಿರುತ್ತೇನೆ. ನೀರು ಹುಡುಕಿಕೊಂಡು ಅಲೆಯುವ ಪ್ರಾಣಿಯಲ್ಲ ಇದು. ಎಲೆಯೊಳಗಿನ ತೇವ, ಇಬ್ಬನಿ, ಇಷ್ಟರಲ್ಲೇ ಬದುಕು. ಆ ಉದ್ದ ಮೂಗು ಅಂದಕ್ಕಲ್ಲ, ಉಸಿರಾಡುವಾಗ ಅಲ್ಲಿ ರಕ್ತ ತಣ್ಣಗಾಗಿ ಬಿಸಿಲಿನಿಂದ ಮಿದುಳನ್ನು ಕಾಯುತ್ತದೆ. ಮೊನ್ನೆ ಒಂದು ಗಂಡು ಕಡ್ಡಿಯ ತುದಿಗೆ ಕಣ್ಣನ್ನೇ ತಂದು ಒತ್ತಿತು, ನನ್ನ ಎದೆ ಝಲ್ಲೆಂದಿತು. ಕಣ್ಣಲ್ಲ, ಅದರ ಮೂಲೆಯಲ್ಲಿರುವ ಗ್ರಂಥಿ. ದುರ್ಬೀನಿನಲ್ಲಿ ನೋಡಿದರೆ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಕರಿ ಅಂಟು. ಇದು ನಮ್ಮ ಜಾಗ, ಬೇರೆಯವರು ಬರಬೇಡಿ ಅಂತ.

ನಿನಗೆ ಹೇಳಬೇಕೆಂದಿದ್ದು ಮರಿಯ ಕಥೆ. ನಮ್ಮ ಶಾಲೆಯ ಕಾವಲುಗಾರರು ಒಂದು ದಿನ ಪೊದೆಯಲ್ಲಿ ಒಂಟಿಯಾಗಿ ಮಲಗಿದ್ದ ಮರಿಯನ್ನು ತಬ್ಬಲಿ ಅಂತ ಎತ್ತಿಕೊಂಡು ಬಂದರು. ಕಾಡುಪ್ರಾಣಿ ನೋಡಿಕೊಳ್ಳುವ ಒಬ್ಬರಿಗೆ ಫೋನ್ ಮಾಡಿದರೆ, "ತಾಯಿ ಅಲ್ಲೇ ಎಲ್ಲೋ ಇರುತ್ತಾಳೆ, ಎತ್ತಿದ ಜಾಗದಲ್ಲೇ ಬಿಟ್ಟು ದೂರ ಹೋಗಿ" ಅಂದರು. ಹುಟ್ಟಿದ ಮೇಲೆ ಎರಡು-ಮೂರು ವಾರ ಮರಿ ಹೀಗೇ ಅಲುಗಾಡದೆ ಅಡಗಿರುತ್ತದಂತೆ. ತಾಯಿ ಜೊತೆಗೇ ನಿಂತರೆ ನರಿಗೋ ಹದ್ದಿಗೋ ಗುರುತು ಸಿಗುತ್ತದೆ. ಹಾಲು ಕುಡಿಸುವಾಗ ನೆಕ್ಕಿ ನೆಕ್ಕಿ ಉಚ್ಚೆ ಮಾಡಿಸಿ, ವಾಸನೆ ಉಳಿಯದ ಹಾಗೆ ಅದನ್ನೂ ತಾನೇ ನೆಕ್ಕಿಬಿಡುತ್ತಾಳೆ. ನಿಜವಾದ ತಬ್ಬಲಿಗೆ ಬಾಟಲಿ ಹಾಲು ಕುಡಿಸುವವರು ಆ ಕೆಲಸವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಾಡಬೇಕು, ಹಾಲಷ್ಟೇ ಕೊಟ್ಟರೆ ಮರಿ ಉಳಿಯುವುದಿಲ್ಲ.

ಇದನ್ನು ಕೇಳಿದಾಗ ನನಗೆಷ್ಟು ಸಮಾಧಾನವಾಯಿತು ಗೊತ್ತಾ? ದೂರ ಇರುವುದೂ ತಾಯ್ತನವೇ ಅಂತ ಆ ಪುಟ್ಟ ಪ್ರಾಣಿ ನನ್ನ ಪರವಾಗಿ ಸಾಕ್ಷಿ ಹೇಳಿದ ಹಾಗಿತ್ತು. ಮಗನನ್ನು ಸಾಗರದಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದಿದ್ದನ್ನು ಊರಿನವರಿಗೆಲ್ಲ "ಅವನ ಒಳ್ಳೇದಕ್ಕೇ" ಅನ್ನುತ್ತಲೇ ಬಂದಿದ್ದೇನಲ್ಲ.

ಆದರೆ ಸುಬ್ಬು, ಆ ಮರಿಯ ತಾಯಿ ದಿನಾ ಬರುತ್ತಾಳೆ. ಸಣ್ಣಗೆ ಕರೆಯುತ್ತಾಳೆ, ಮರಿ ಎದ್ದು ಬರುತ್ತದೆ. ಎರಡು-ಮೂರು ವಾರ ಕಳೆದರೆ ಜೊತೆಯಲ್ಲೇ ಓಡಾಟ. ಸುಮಾರು ಏಳು ತಿಂಗಳಿಗೆ ಅಪ್ಪ-ಅಮ್ಮನೇ ಅಟ್ಟುವವರೆಗೂ ಅದು ಅವರ ಜಾಗದಲ್ಲೇ ಬೆಳೆಯುತ್ತದೆ. ನಾನು ಫೋನಿನಲ್ಲಿ ಕರೆದರೆ ನನ್ನ ಮಗ ಈಗ "ಆಯ್ತಮ್ಮ, ಇಡ್ಲಾ?" ಅಂತಾನೆ. ಸಿಟ್ಟಿಲ್ಲ, ಬೇಸರವೂ ಇಲ್ಲ ಆ ದನಿಯಲ್ಲಿ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಇದನ್ನು ನಮ್ಮ ಯಜಮಾನರಿಗೂ ಹೇಳಿಲ್ಲ. ಇಲ್ಲಿ ಓದಿಯೇ ಅವರಿಗೂ ಗೊತ್ತಾಗಲಿ.

ಸಾಕು ಬಿಡು, ನಿನ್ನ ಕಾಫಿ ಆರಿಹೋಯಿತು. ಈ ಭಾನುವಾರ ಮನೆ ಕಡೆ ಹೋಗಿ ಅವನನ್ನು ಇಕ್ಕೇರಿಗೆ ಕರೆದುಕೊಂಡು ಹೋಗು. ದೊಡ್ಡ ಬಸವಣ್ಣನ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆದು ಕಳಿಸು, ಎಷ್ಟು ಎತ್ತರ ಆಗಿದ್ದಾನೆ ನೋಡಬೇಕು. ಬೈಕಿನಲ್ಲಿ ನಿಧಾನ. ಆಮೇಲೆ ಆ ಕೊಡೆ ಇನ್ನೂ ನಿನ್ನ ಹತ್ತಿರವೇ ಇದೆ ಅಂತ ನನಗೆ ಗೊತ್ತು, ಅದನ್ನೂ ಅಮ್ಮನಿಗೆ ಕೊಟ್ಟು ಬಾ ಮಾರಾಯ.

ನಿನ್ನ,
ಶಾರಿ