ಹೋಸ್ ಮೇಲೆ ಕೈ ಆಡಿಸಬೇಡ, ರಘು

ಚಿಕ್ಕಮಗಳೂರು

ಚಿ. ರಘುವಿಗೆ ನಿನ್ನ ಮಾವನ ಆಶೀರ್ವಾದಗಳು.

ಮನೆ ಕಡೆಯ ಸುದ್ದಿ ನಿಮ್ಮಮ್ಮ ಹೇಳಿಯೇ ಇರುತ್ತಾಳೆ, ಅದು ಬೇಡ. ನಿನ್ನ ಕಾಗದದಲ್ಲಿ ಒಂದು ಸಾಲಿದೆ. ಲೇತ್‌ನಲ್ಲಿ ಜಾಬ್ ಹಿಡಿಯುವ ಚಕ್‌ನ ಆಯಿಲ್ ಪ್ರೆಶರ್ ಇಳಿಯುತ್ತಿದೆ, ಹೋಸ್ ಉದ್ದಕ್ಕೂ ಕೈ ಆಡಿಸಿ ನೋಡಿದೆ, ಲೀಕ್ ಸಿಗಲಿಲ್ಲ, ಬಿಡುವಾದಾಗ ಮತ್ತೆ ನೋಡುತ್ತೇನೆ ಅಂತ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಸಿಗದೇ ಇದ್ದದ್ದು ನಿನ್ನ ಪುಣ್ಯ ಕಣೋ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮುಗಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಎಷ್ಟೋ ಸಲ ಕಣ್ಣಿಗೇ ಕಾಣುವುದಿಲ್ಲ. ಚರ್ಮ ತೂರಲು ಹತ್ತಿರ ಹತ್ತಿರ 7 ಬಾರ್ ಸಾಕು ಅನ್ನುತ್ತಾರೆ. ನಿನ್ನ ಗೇಜ್ 35 ತೋರಿಸುತ್ತದೆ ಅಂತ ನೀನೇ ಬರೆದಿದ್ದೀಯ. ಗ್ಲೌಸ್ ಹಾಕಿದ್ದೆ ಅನ್ನಬೇಡ. ಅದು ತಡೆಯುವುದಿಲ್ಲ.

ನಾನು ಪೀಣ್ಯದಲ್ಲಿದ್ದಾಗ ನಮ್ಮ ಶಿಫ್ಟಿನಲ್ಲಿ ಬೇಲೂರು ಕಡೆಯ ಹುಡುಗನೊಬ್ಬ ಇದ್ದ, ನಿನ್ನದೇ ವಯಸ್ಸು. ಪ್ರೆಸ್‌ನ ಹೋಸ್ ಹೀಗೇ ಸವರಿದ. ತೋರುಬೆರಳ ತುದಿಯಲ್ಲಿ ಒಂದು ಕೆಂಪು ಚುಕ್ಕೆ, ಸೊಳ್ಳೆ ಕಚ್ಚಿದ ಹಾಗೆ. ನೋವೂ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿಕೊಂಡು ನಮ್ಮ ಜೊತೆ ಟೀಗೆ ಬಂದ. ಲೋಟ ಎಡಗೈಯಲ್ಲಿ ಹಿಡಿದಿದ್ದ, ಅದನ್ನು ನೋಡಿ ನಾವು ತಮಾಷೆ ಮಾಡಿದೆವು. ರಾತ್ರಿ ಹೊತ್ತಿಗೆ ಅಂಗೈ ಊದಿ ಬಿಗಿದುಕೊಂಡಿತ್ತು. ಬೆರಳು ಉಳಿಯಲಿಲ್ಲ. ಊರಿಗೆ ಹೋಗಿ ಕಾಫಿ ತೋಟ ಸೇರಿದ ಅಂತ ಆಮೇಲೆ ಕೇಳಿದೆ. ಒಂದು ಸಲ ಹೋಗಿ ನೋಡಿ ಬರಬೇಕಿತ್ತು. ಬೇಲೂರು ಇಲ್ಲಿಂದ ಯಾವ ಮಹಾ ದೂರ? ಇವತ್ತಿನವರೆಗೂ ಹೋಗಲಿಲ್ಲ.

ಈಗಿನ ಮೆಷಿನ್ ವಿಷಯ ನನಗಿಂತ ನಿನಗೇ ಜಾಸ್ತಿ ಗೊತ್ತು. ಆದರೂ ಕೇಳುತ್ತೇನೆ, ಪ್ರೆಶರ್ ಇಳಿದ ತಕ್ಷಣ ಹೋಸ್ ಮೇಲೇ ಯಾಕೆ ಅನುಮಾನ? ಮೊದಲು ಟ್ಯಾಂಕಿನ ಲೆವೆಲ್ ನೋಡು. ಅದು ಇಳಿಯುತ್ತಿಲ್ಲ ಅಂದರೆ ಆಯಿಲ್ ಹೊರಗೆ ಹೋಗುತ್ತಿಲ್ಲ, ಅಲ್ವಾ? ಹೆಚ್ಚಾದ ಪ್ರೆಶರನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವ್‌ನ ಸೀಟ್ ಮೇಲೆ ಕಸ ಕೂತು, ಅದು ಪೂರ್ತಿ ಮುಚ್ಚದೇ ಇರಬಹುದು. ಸಿಲಿಂಡರ್ ಸೀಲ್ ಒಳಗೊಳಗೇ ಬಿಟ್ಟಿರಬಹುದು. ಪಂಪ್ ಗೊರಗುಟ್ಟುತ್ತಿದ್ದರೆ ಅದು ಆಯಿಲ್ ಎಳೆಯುವ ಕಡೆಯ ಜಾಲರಿ, ಸಕ್ಷನ್ ಸ್ಟ್ರೈನರ್, ಬಿಚ್ಚಿ ನೋಡು. ಇದ್ಯಾವುದಕ್ಕೂ ಹೋಸ್ ಸವರುವ ಕೆಲಸವೇ ಇಲ್ಲ.

ಹುಡುಕಲೇಬೇಕಾದರೆ ಒಂದು ರಟ್ಟನ್ನು ಉದ್ದ ಕೋಲಿಗೆ ಕಟ್ಟಿ, ಸೇಫ್ಟಿ ಕನ್ನಡಕ ಹಾಕಿಕೊಂಡು, ದೂರ ನಿಂತು ಆಡಿಸು. ಲೀಕ್ ಇದ್ದ ಕಡೆ ರಟ್ಟಿನ ಮೇಲೆ ಆಯಿಲ್ ಕಲೆ ಬೀಳುತ್ತದೆ. ಪ್ರೊಡಕ್ಷನ್ ನಿಂತಿದೆ ಅಂತ ಸೂಪರ್‌ವೈಸರ್ ಕೂಗಾಡುತ್ತಾರೆ, ಗೊತ್ತು. ಕೂಗಾಡಲಿ.

ಬಿಡ್ತು ಅನ್ನು, ಒಂದು ವೇಳೆ ಏನಾದರೂ ಚುಚ್ಚಿದ ಹಾಗಾದರೆ, ನೋವಿಲ್ಲ ಅಂತ ಸುಮ್ನೆ ಕೂರಬೇಡ. ಆಗಲೇ ಹಾಸನದ ಹಿಮ್ಸ್ ಆಸ್ಪತ್ರೆಗೆ ಹೋಗು. ಬರೀ ಗಾಯ ಅನ್ನಬೇಡ. ಪ್ರೆಶರ್‌ನಲ್ಲಿ ಆಯಿಲ್ ಒಳಗೆ ಹೋಗಿದೆ, ಸರ್ಜನ್ ನೋಡಬೇಕು ಅಂತ ಬಾಯಿ ಬಿಟ್ಟು ಹೇಳು. ಆಯಿಲ್ ಡಬ್ಬದ ಮೇಲಿನ ಹೆಸರು ಬರೆದುಕೊಂಡು ಹೋಗು. ತಡ ಆದಷ್ಟೂ ಬೆರಳಿನ ಆಸೆ ಕಡಿಮೆ.

ಇನ್ನೊಂದು ಮರೆತಿದ್ದೆ. ಹೋಸ್ ಬಿಚ್ಚುವಾಗ ಮೋಟಾರ್ ಆಫ್ ಮಾಡಿ ಮೇನ್ ಸ್ವಿಚ್‌ಗೆ ಬೀಗ ಹಾಕಿದರೂ ಸಾಲದು. ಪ್ರೆಶರ್ ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರ್ ಇದ್ದರೆ ಅದರೊಳಗಿನ ನೈಟ್ರೋಜನ್ ಆಯಿಲನ್ನು ಒತ್ತುತ್ತಲೇ ಇರುತ್ತದೆ. ಆ ಆಯಿಲನ್ನು ಟ್ಯಾಂಕಿಗೆ ಬಿಟ್ಟು, ಗೇಜ್ ಸೊನ್ನೆಗೆ ಬಂದ ಮೇಲೆ ಸ್ಪ್ಯಾನರ್ ಹಿಡಿ. ನಿನ್ನ ಪವರ್ ಪ್ಯಾಕಿನಲ್ಲಿ ಅಕ್ಯುಮುಲೇಟರ್ ಇದೆಯಾ? ನೋಡಿ ಫೋನ್ ಮಾಡು, ಕಾಗದ ಬರೆಯುತ್ತಾ ಕೂರಬೇಡ.

ಇಂತಿ,
ನಿನ್ನ ಮಾವ